ಬೆರಳಿಗೆ ಸಿಗುವ ಗೆರೆ

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳಲ್ಲಿ ಗೆರೆ ಬಳಿದದ್ದಲ್ಲ, ಕೆರೆದದ್ದು. ಸುಣ್ಣದ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಎಳೆದು, ಹಸಿ ಇರುವಾಗಲೇ ಲೋಹದ ಮೊನೆಯಿಂದ ಕೆರೆದರೆ ಒಳಗಿನ ಬಿಳುಪು ಮೇಲೆ ಬರುತ್ತದೆ. ಇಂಥ ಗೆರೆಯ ಅಂಚು ಉಗುರಿಗೂ ಸಿಗುತ್ತದೆ. ದೃಷ್ಟಿ ಇಲ್ಲದವರು ಚಿತ್ರ ಬರೆಯುವುದೂ ಇದೇ ತಗ್ಗು-ಉಬ್ಬಿನ ಲೆಕ್ಕದಲ್ಲಿ. ಅವರ ಬಗ್ಗೆ ‘ಒಳಗಣ್ಣು’, ‘ಪವಾಡ’ ಎಂದು ಬರೆಯುವವರು ಈ ಕೈಕೆಲಸವನ್ನೇ ಮರೆಯುತ್ತಾರೆ.

ಕಾರವಾರದವರಿಗೆ ಟಾಗೋರ್ ಎಂದರೆ ಮೊದಲು ನೆನಪಾಗುವುದು ಅವರ ಹೆಸರಿನ ಕಡಲತೀರ. ಅವರ ಶಾಂತಿನಿಕೇತನದಲ್ಲಿ ಕಲಿತು ಅಲ್ಲೇ ಕಲಿಸಿದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ (1904–1980) ಅವರಿಗೆ ಹುಟ್ಟಿನಿಂದ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದು ತೀರ ಮಂದ. 1950ರ ದಶಕದಲ್ಲಿ ಶಸ್ತ್ರಚಿಕಿತ್ಸೆ ಕೈಕೊಟ್ಟು ಅದೂ ಹೋಯಿತು. ಅವರು ಕುಂಚದ ಜೊತೆಗೆ ಕತ್ತರಿಯನ್ನೂ ಹಿಡಿದರು. ಕತ್ತರಿಸಿದ ಕಾಗದದ ಅಂಚು ಕೈಗೆ ಸಿಗುತ್ತದೆ, ಬಳಿದ ಬಣ್ಣದ ಅಂಚು ಸಿಗುವುದಿಲ್ಲ. 1972ರಲ್ಲಿ ಶಾಂತಿನಿಕೇತನದ ಕಲಾಶಾಲೆಯಾದ ಕಲಾಭವನದ ಗೋಡೆಗೆ ಟೈಲ್ಸ್‌ಗಳ ದೊಡ್ಡ ಚಿತ್ರವನ್ನೂ ಮಾಡಿದರು.

ಟರ್ಕಿಯ ಎಶ್ರೆಫ್ ಅರ್ಮಾಗಾನ್ ಹುಟ್ಟು ಕುರುಡರು. ಮೊನೆಯಿಂದ ಗೆರೆ ಕೊರೆದು, ಬೆರಳಿನಿಂದಲೇ ಬಣ್ಣ ಹಚ್ಚುತ್ತಾರೆ. ಒಂದು ಬಣ್ಣ ಒಣಗಿದ ಮೇಲೆಯೇ ಇನ್ನೊಂದು. ಚಿತ್ರ ಬರೆಯುವಾಗ ಅವರ ಮೆದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗ ಕೆಲಸ ಮಾಡುವುದನ್ನು ಹಾರ್ವರ್ಡ್ ಸಂಶೋಧಕರು ಸ್ಕ್ಯಾನ್‌ನಲ್ಲಿ ಕಂಡರು. 2001ರಲ್ಲಿ ದೃಷ್ಟಿ ಕಳೆದುಕೊಂಡ ಅಮೆರಿಕದ ಜಾನ್ ಬ್ರ್ಯಾಂಬ್ಲಿಟ್ ಬಣ್ಣದ ಹದವನ್ನೇ ಬಣ್ಣದ ಗುರುತು ಮಾಡಿಕೊಂಡರು: ಬಿಳಿ ಗಟ್ಟಿ, ಕಪ್ಪು ತೆಳು.

ನಮ್ಮಲ್ಲಿ ಹೀಗೆ ಮುಟ್ಟಿ ಚಿತ್ರ ಬರೆಯಲು ದುಬಾರಿ ಸಾಮಾನು ಬೇಡ. ಕ್ಯಾನ್ವಾಸಿಗಿಂತ ಗಟ್ಟಿ ರಟ್ಟು ಅಥವಾ ಪ್ಲೈವುಡ್ ಒಳ್ಳೆಯದು, ಒತ್ತಿದರೆ ಕುಗ್ಗುವುದಿಲ್ಲ. ನಾಲ್ಕು ಬದಿಗೂ ಸಮ ಅಂತರದಲ್ಲಿ ಗುಂಡುಪಿನ್ನು ಚುಚ್ಚಿಕೊಂಡರೆ ಎಡಗೈಗೆ ಜಾಗದ ಲೆಕ್ಕ ಸಿಗುತ್ತದೆ. ಗೆರೆಗೆ ಒಂದು ಚಮಚ ಫೆವಿಕಾಲ್, ಸುಮಾರು ಎರಡು ಚಮಚ ಸೀಮೆಸುಣ್ಣದ ಪುಡಿ, ಟೂತ್‌ಪೇಸ್ಟಿನ ಹದ. ಮೆಹೆಂದಿ ಕೋನಿಗೆ ತುಂಬಿ ಎಳೆಯುವುದು. ಮೈಸೂರು ಶೈಲಿಯ ಚಿತ್ರಗಳಲ್ಲಿ ಒಡವೆಗಳನ್ನು ಉಬ್ಬಿಸುವುದೂ ಬೇರೆ ಸಾಮಗ್ರಿಯಿಂದ ಮಾಡುವ ಇಂಥದೇ ಕೆಲಸ. ಪುಡಿ ಹೆಚ್ಚಾದರೆ ಗೆರೆ ಬಿರುಕು ಬಿಡುತ್ತದೆ, ಅಂಟು ಹೆಚ್ಚಾದರೆ ಹರಡಿಕೊಳ್ಳುತ್ತದೆ. ಎರಡು ಗೆರೆಗಳ ನಡುವೆ 5 ಮಿ.ಮೀ. ಆದರೂ ಬೇಕು, ಇಲ್ಲದಿದ್ದರೆ ಬೆರಳಿಗೆ ಎರಡೂ ಒಂದೇ.

ಬಣ್ಣಕ್ಕೆ ಹಳೆಯ ಇಡ್ಲಿ ತಟ್ಟೆ ಸಾಕು. ಯಾವ ಕುಳಿಯಲ್ಲಿ ಯಾವ ಬಣ್ಣ ಎಂಬುದು ಎಂದೂ ಬದಲಾಗಬಾರದು. ಬಾಟಲಿಗೆ ರಬ್ಬರ್ ಬ್ಯಾಂಡ್: ಕೆಂಪಿಗೆ ಒಂದು, ಹಳದಿಗೆ ಎರಡು, ನೀಲಿಗೆ ಮೂರು. ಬೆರಕೆ ಮಾಡುವುದು ಚಮಚದ ಅಳತೆಯಲ್ಲಿ: ಹಳದಿ ಮೂರು, ನೀಲಿ ಒಂದು ಹಾಕಿದರೆ ಎಳೆ ಹಸಿರು. ಸಹಾಯಕ್ಕೆ ಬಂದವರು ಅಚ್ಚುಕಟ್ಟು ಮಾಡುತ್ತೇನೆಂದು ಬಾಟಲಿ ಜರುಗಿಸಿದರೆ ಅಲ್ಲಿಗೆ ಆ ದಿನದ ಕೆಲಸ ಕೆಟ್ಟಿತು.

ಬಣ್ಣ ಗುರುತಿಸಲು ಅದಕ್ಕೆ ಮರಳು ಬೆರೆಸುವುದುಂಟು. ಕಡಲ ಮರಳನ್ನು ಹಾಗೇ ಹಾಕಿದರೆ ಅದರ ಉಪ್ಪು ಗಾಳಿಯ ತೇವ ಎಳೆದು ಬಣ್ಣ ಹೆಕ್ಕಳಿಕೆ ಏಳುತ್ತದೆ. ಸಿಹಿನೀರಲ್ಲಿ ಮೂರ್ನಾಲ್ಕು ಸಲ ತೊಳೆದು, ಒಣಗಿಸಿ, ಜರಡಿ ಹಿಡಿಯಬೇಕು. ನಾಲ್ಕು ಚಮಚ ಬಣ್ಣಕ್ಕೆ ಒಂದು ಚಮಚ ಸಾಕು. ಅಕ್ಕಿಹಿಟ್ಟು ಬೇಡ, ಬೂಸಲು ಬರುತ್ತದೆ.

ಜೂನ್ ಬಂತೆಂದರೆ ತೊಂದರೆ ಶುರು. ಬೇಸಿಗೆಯಲ್ಲಿ ರಾತ್ರಿ ಕಳೆಯುವುದರೊಳಗೆ ಒಣಗುವ ಫೆವಿಕಾಲ್ ಗೆರೆ ಮಳೆಗಾಲದಲ್ಲಿ ಎರಡು ದಿನವಾದರೂ ಜಿಗುಟು. ಮೇಲೆ ಒಣಗಿದಂತೆ ಅನಿಸಿ ಬೆರಳಿಟ್ಟರೆ ಗೆರೆಯೇ ಜಾರಿ ಬರುತ್ತದೆ. ಅದರ ಮೇಲೆ ನೀರುಬಣ್ಣ ಬಿದ್ದರೆ ಮತ್ತೆ ಮೆತ್ತಗಾಗುತ್ತದೆ. ಆ ನಾಲ್ಕು ತಿಂಗಳು ಬಟ್ಟೆಗೆ ಬಳಸುವ ಉಬ್ಬು ಬಣ್ಣದ ಟ್ಯೂಬೇ ವಾಸಿ. ಒಣಗಿತೋ ಇಲ್ಲವೋ ಎಂದು ಚಿತ್ರವನ್ನು ಮುಟ್ಟುವ ಬದಲು, ಅದೇ ಹೊತ್ತಿಗೆ ರಟ್ಟಿನ ತುಂಡಿನ ಮೇಲೆ ಎಳೆದಿಟ್ಟ ಗೆರೆಯನ್ನು ಮುಟ್ಟಿ ನೋಡುವುದು ರೂಢಿಯಾಗಬೇಕು.