ಟಿಕೆಟ್ ಯಾರ ಕೈಯಲ್ಲಿ? ಮೆಥಡಿಸ್ಟರ ಒಡಕಿನ ಹಿನ್ನೆಲೆ

ವೆಸ್ಲಿಯನ್, ನ್ಯೂ ಕನೆಕ್ಷನ್, ಪ್ರಿಮಿಟಿವ್, ಬೈಬಲ್ ಕ್ರಿಶ್ಚಿಯನ್: ಬ್ರಿಟನ್ನಿನ ಮೆಥಡಿಸ್ಟರ, ಅಂದರೆ ಜಾನ್ ವೆಸ್ಲಿ ಶುರುಮಾಡಿದ ಕ್ರೈಸ್ತ ಚಳವಳಿಯವರ, ಚರಿತ್ರೆಗೆ ಕೈಹಾಕಿದವರು ಮೊದಲು ಸಿಕ್ಕಿಬೀಳುವುದೇ ಈ ಹೆಸರುಗಳ ಗೋಜಲಿನಲ್ಲಿ. ಇವರ ಬೋಧನೆ ಹೆಚ್ಚುಕಡಿಮೆ ಒಂದೇ. ಜಗಳವಿದ್ದದ್ದು ಸಭೆಯ ಯಜಮಾನಿಕೆ ಯಾರದು ಎಂಬುದರಲ್ಲಿ.

ಒಂದೇ ಪ್ರಾರ್ಥನಾವಿಧಿಯನ್ನು ಕಡ್ಡಾಯಮಾಡಿದ 1662ರ ಏಕರೂಪತಾ ಕಾಯ್ದೆಯ ಹೊತ್ತಿಗೆ ಸುಮಾರು 2,000 ಪಾದ್ರಿಗಳು ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ ಸಭೆಯಿಂದ ಹೊರಬಿದ್ದರು. 1664ರಲ್ಲಿ, ಮನೆಯವರನ್ನು ಬಿಟ್ಟು ಐದಕ್ಕಿಂತ ಹೆಚ್ಚು ಜನ ಬೇರೆ ವಿಧಿಯ ಆರಾಧನೆಗೆ ಸೇರುವುದೇ ಅಪರಾಧವಾಯಿತು. 1689ರಲ್ಲಿ ಹೀಗೆ ಹೊರಗುಳಿದ 'ಭಿನ್ನಮತೀಯ'ರ ಆರಾಧನೆಗೆ ಅನುಮತಿ ಬಂತು. ಅವರು ಸಾರ್ವಜನಿಕ ಹುದ್ದೆ ಹಿಡಿಯಲು ಇದ್ದ ಕಾನೂನಿನ ಅಡ್ಡಿ ತೆಗೆಯಲು 1828 ಆಗಬೇಕಾಯಿತು.

1739ರಲ್ಲಿ ಬ್ರಿಸ್ಟಲ್ಲಿನ ಬಯಲಲ್ಲಿ ಬೋಧಿಸಲು ನಿಂತ ಜಾನ್ ವೆಸ್ಲಿಗೆ ಈ ಭಿನ್ನಮತೀಯರ ಸಾಲಿಗೆ ಸೇರುವ ಮನಸ್ಸಿರಲಿಲ್ಲ. ಆದರೆ ಕಾನೂನು ರಕ್ಷಣೆ ಕೊಡುತ್ತಿದ್ದದ್ದು ಭಿನ್ನಮತೀಯರಿಗೆ ಮಾತ್ರ. ಈ ಇಕ್ಕಟ್ಟು ಅವರ ಕೊನೆಗಾಲದವರೆಗೂ ಬಿಡಲಿಲ್ಲ.

ಚಳವಳಿಯನ್ನು ನಿಜಕ್ಕೂ ಕಟ್ಟಿದ್ದು 1742ರಲ್ಲಿ ಬ್ರಿಸ್ಟಲ್ಲಿನಲ್ಲೇ ಶುರುವಾದ 'ಕ್ಲಾಸ್'. ಕಟ್ಟಡದ ಸಾಲ ತೀರಿಸಲು ಪ್ರತಿ ಸದಸ್ಯ ವಾರಕ್ಕೊಂದು ಪೆನ್ನಿ ಕೊಡಬೇಕೆಂದಾಯಿತು. ಹನ್ನೆರಡು ಜನಕ್ಕೊಬ್ಬ ನಾಯಕ; ಕೊಡಲಾಗದವರ ಪಾಲನ್ನು ತಾನೇ ತುಂಬಲು ಮುಂದಾದವನೂ ಇದ್ದ. ವಸೂಲಿಗೆಂದು ಮನೆಗೆ ಹೋದ ನಾಯಕ ಅಲ್ಲಿನ ಕುಡಿತ, ಜಗಳ, ಕಾಯಿಲೆಗಳನ್ನೂ ಕಂಡು ಬರತೊಡಗಿದ. ಕ್ರಮೇಣ ಜನರೇ ವಾರಕ್ಕೊಮ್ಮೆ ಒಂದೆಡೆ ಸೇರಿದರು. ಮೂರು ತಿಂಗಳಿಗೊಮ್ಮೆ ವಿಚಾರಣೆ, ಆಮೇಲೆ ಹೊಸ ಟಿಕೆಟ್. ಟಿಕೆಟ್ ನಿಂತರೆ ಸದಸ್ಯತ್ವವೂ ಹೋಯಿತು.

ದೋಷವೂ ಇಲ್ಲೇ ಅಡಗಿತ್ತು. ಊರಲ್ಲೇ ಬೇರೂರಿದ್ದವನು ಕ್ಲಾಸಿನ ನಾಯಕ. ಬೋಧಕ ಒಂದೆರಡು ವರ್ಷಕ್ಕೆ ವರ್ಗವಾಗುವವನು. ಆದರೂ ಕೊನೆಯ ಮಾತು ಬೋಧಕರದ್ದೇ ಆದ ವಾರ್ಷಿಕ ಸಭೆ 'ಕಾನ್ಫರೆನ್ಸ್'ನದು. 1784ರಲ್ಲಿ ವೆಸ್ಲಿ ಮಾಡಿಸಿದ ಕಾನೂನು ಪತ್ರ ಅದನ್ನು ನೂರು ಬೋಧಕರ ಹೆಸರಿಗೆ ಬರೆದಿತ್ತು, ಪೆನ್ನಿ ಕೊಟ್ಟವರಲ್ಲಿ ಒಬ್ಬರ ಹೆಸರೂ ಅದರಲ್ಲಿರಲಿಲ್ಲ. ಇಂಥ ವ್ಯವಸ್ಥೆಯಲ್ಲಿ ಒಬ್ಬ ನಾಯಕನನ್ನು ಹೊರಹಾಕಿದರೆ ಅವನ ಹಿಂದೆ ಇಡೀ ಕ್ಲಾಸೇ ಎದ್ದು ಹೋಗುವ ಅಪಾಯ ಸದಾ ಇತ್ತು.

1791ರಲ್ಲಿ ವೆಸ್ಲಿ ತೀರಿಕೊಂಡರು. 1795ರ ಒಪ್ಪಂದ, ಟ್ರಸ್ಟಿಗಳ ಮತ್ತು ನಾಯಕರ ಬಹುಮತವಿದ್ದ ಚಾಪೆಲ್‌ಗಳಲ್ಲಿ (ಪ್ರಾರ್ಥನಾ ಮಂದಿರಗಳಲ್ಲಿ) ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರಕ್ಕೆ, ದಾರಿ ಮಾಡಿತು. ಸದಸ್ಯರಿಗೂ ಅಧಿಕಾರ ಬೇಕೆಂದವರು 1797ರಲ್ಲಿ ನ್ಯೂ ಕನೆಕ್ಷನ್ ಕಟ್ಟಿದರು. 1807ರಲ್ಲಿ ಮೌ ಕಾಪ್ ಗುಡ್ಡದ ಮೇಲೆ ನಡೆದ ದಿನವಿಡೀ ಪ್ರಾರ್ಥನಾಕೂಟವನ್ನು ಕಾನ್ಫರೆನ್ಸ್ ಮೆಚ್ಚದೆಹೋದದ್ದು ಪ್ರಿಮಿಟಿವ್ ಮೆಥಡಿಸ್ಟರ ಹುಟ್ಟಿಗೆ ಕಾರಣವಾಯಿತು. 1827ರಲ್ಲಿ ಲೀಡ್ಸ್‌ನ ಬ್ರನ್ಸ್‌ವಿಕ್ ಚಾಪೆಲ್‌ಗೆ ಆರ್ಗನ್ ಬೇಕೆಂದು ಟ್ರಸ್ಟಿಗಳು ಕೇಳಿದರು. ನಾಯಕರ ಸಭೆ ಬೇಡವೆಂದಿತು, ಜಿಲ್ಲಾ ಸಭೆಯೂ ಒಪ್ಪಲಿಲ್ಲ, ಕಾನ್ಫರೆನ್ಸ್ ಕೊಟ್ಟಿತು. ಸುಮಾರು ಸಾವಿರ ಜನ ಬಿಟ್ಟು ಹೋದರು. ವಾದ್ಯವೊಂದೇ ಆಗಿದ್ದರೆ ಇಷ್ಟು ಜನ ಹೋಗುತ್ತಿರಲಿಲ್ಲ. 1849ರಲ್ಲಿ, ಕಾನ್ಫರೆನ್ಸಿನ ಮುಖಂಡರನ್ನು ಟೀಕಿಸಿದ ಅನಾಮಧೇಯ ಕರಪತ್ರಗಳ ಹೆಸರಲ್ಲಿ ಮೂವರು ಬೋಧಕರ ಉಚ್ಚಾಟನೆಯಾಯಿತು. ಕೆಲವೇ ವರ್ಷಗಳಲ್ಲಿ ಮೂಲ ಪಂಗಡವಾದ ವೆಸ್ಲಿಯನ್ನರು ಕಳೆದುಕೊಂಡದ್ದು ಸುಮಾರು ಒಂದು ಲಕ್ಷ ಸದಸ್ಯರನ್ನು. ಬೋಧಕರಲ್ಲದವರಿಗೆ ಅವರ ಕಾನ್ಫರೆನ್ಸ್ ಬಾಗಿಲು ತೆರೆದದ್ದು 1878ರಲ್ಲಿ.

1907ರಲ್ಲಿ ಮೂರು ಪಂಗಡ, 1932ರಲ್ಲಿ ಉಳಿದ ದೊಡ್ಡವು ಒಂದಾದವು. ಆಂಗ್ಲಿಕನ್ನರೊಂದಿಗಿನ ವಿಲೀನ ಮಾತ್ರ 1972ರಲ್ಲಿ ಮುರಿದುಬಿತ್ತು. ಅದೇ ವಿಲೀನ ದಕ್ಷಿಣ ಭಾರತದಲ್ಲಿ 1947ರಲ್ಲೇ ಆಗಿತ್ತು: ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವು. ಬೀದರ್, ಕೋಲಾರದ ಕಡೆ ಇವತ್ತಿಗೂ ಕಾಣುವ 'ಮೆಥಡಿಸ್ಟ್' ಫಲಕಗಳು ಅಮೆರಿಕನ್ ಮಿಷನ್ನಿನ ಬಳುವಳಿ. ಆ ಸಭೆಗಳು ಈ ಐಕ್ಯದ ಹೊರಗೇ ಉಳಿದವು.