ಈಟಿಂಗ್ ಜೆಟ್‌ಲ್ಯಾಗ್: ಭಾನುವಾರದ ಊಟ ಎಷ್ಟು ತಡ?

ಕೆಲಸದ ದಿನಗಳಲ್ಲಿ ಬೆಳಿಗ್ಗೆ 8ಕ್ಕೆ ತಿಂಡಿ, ರಾತ್ರಿ 9ಕ್ಕೆ ಊಟ. ಭಾನುವಾರ ಬಂತೆಂದರೆ ತಿಂಡಿಯೇ ಹತ್ತೂವರೆಗೆ, ರಾತ್ರಿ ಊಟ ಹನ್ನೊಂದೂವರೆಗೆ. ಎಷ್ಟೋ ಮನೆಗಳಲ್ಲಿ ಇದು ಮಾಮೂಲು, ಅಲ್ವಾ? ಹೀಗೆ ರಜೆಯ ದಿನ ಊಟದ ಹೊತ್ತು ಎಷ್ಟು ಸರಿಯುತ್ತದೋ ಅದೇ ಈಟಿಂಗ್ ಜೆಟ್‌ಲ್ಯಾಗ್. ವಿಮಾನ ಹತ್ತದೆಯೇ ಹೊಟ್ಟೆ ಬೇರೆ ದೇಶದ ಟೈಮಿಗೆ ಹೋಗಿ ಬರುತ್ತದೆ.

ಅಳೆಯುವುದು ಸುಲಭ. ದಿನದ ಮೊದಲ ಊಟ, ಕೊನೆಯ ಊಟ ಎರಡರ ನಟ್ಟನಡುವಿನ ಹೊತ್ತು ಹಿಡಿಯಬೇಕು. 8ಕ್ಕೂ ರಾತ್ರಿ 9ಕ್ಕೂ ನಡುವೆ ಮಧ್ಯಾಹ್ನ ಎರಡೂವರೆ. ಭಾನುವಾರದ್ದು ಸಂಜೆ 5. ಅಂತರ ಎರಡೂವರೆ ಗಂಟೆ.

ದೇಹಕ್ಕೆ ಇದೇಕೆ ಮುಖ್ಯ? ಮೆದುಳಿನ ಗಡಿಯಾರ ಬೆಳಕು ನೋಡಿ ನಡೆಯುತ್ತದೆ. ಆದರೆ ಲಿವರ್‌ನಂಥ ಅಂಗಗಳಿಗೂ ತಮ್ಮದೇ ಗಡಿಯಾರವಿದೆ, ಅವು ಊಟದ ಹೊತ್ತನ್ನೂ ಗಮನಿಸುತ್ತವೆ. ಅಷ್ಟೇ ಅನ್ನವನ್ನು ಬೆಳಿಗ್ಗೆ ಉಂಡರೆ ಏರುವುದಕ್ಕಿಂತ ರಾತ್ರಿ ಉಂಡಾಗ ರಕ್ತದ ಸಕ್ಕರೆ ಸಾಮಾನ್ಯವಾಗಿ ಜಾಸ್ತಿ ಏರುತ್ತದೆ.

2019ರಲ್ಲಿ ಬಾರ್ಸಿಲೋನಾ ವಿಶ್ವವಿದ್ಯಾಲಯದ ಸಂಶೋಧಕರು ಸ್ಪೇನ್ ಮತ್ತು ಮೆಕ್ಸಿಕೋದ 1,106 ಯುವಜನರ ಊಟದ ವೇಳೆಯನ್ನು ಹೀಗೆ ಲೆಕ್ಕ ಹಾಕಿದರು. ಅಂತರ ಮೂರೂವರೆ ಗಂಟೆ ದಾಟಿದವರಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಹೆಚ್ಚಿತ್ತು. ನಿದ್ದೆ, ವ್ಯಾಯಾಮ, ಆಹಾರದ ಗುಣಮಟ್ಟ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು. ಹಾಗಂತ ಭಾನುವಾರದ ತಡ ಊಟದಿಂದಲೇ ತೂಕ ಏರಿತು ಎನ್ನಲು ಬರುವುದಿಲ್ಲ. ಎರಡೂ ಒಟ್ಟಿಗೆ ಕಂಡವು, ಅಷ್ಟೇ.

ಅಳತೆಯಲ್ಲಿ ನಿಜವಾದ ಕಷ್ಟ ನೆನಪಿನದು. "ನಿನ್ನೆ ಏನು ತಿಂದಿರಿ?" ಎಂದರೆ ಊಟ ನೆನಪಾಗುತ್ತದೆ, ಸಂಜೆ ಬಾಯಿಗೆ ಹಾಕಿಕೊಂಡ ಹಿಡಿ ಖಾರಸೇವೆ ನೆನಪಾಗುವುದಿಲ್ಲ. ಅದಕ್ಕೇ ಅಮೆರಿಕದ ಸಾಲ್ಕ್ ಸಂಸ್ಥೆಯ ಸಚ್ಚಿದಾನಂದ ಪಂಡಾ ಅವರ ತಂಡ, ತಿನ್ನುವ ಮುನ್ನ ಫೋನಿನಲ್ಲಿ ಫೋಟೋ ತೆಗೆಯಿರಿ ಎಂದಿತು. 2015ರ ಆ ಅಧ್ಯಯನದಲ್ಲಿ ಅರ್ಧದಷ್ಟು ಜನ ದಿನಕ್ಕೆ ಸುಮಾರು 15 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತಿನ ಉದ್ದಕ್ಕೂ ಏನಾದರೂ ತಿನ್ನುತ್ತಲೇ ಇದ್ದರು. ಮೂರು ಹೊತ್ತು ಊಟ ಎಂಬ ನಮ್ಮ ನಂಬಿಕೆಯನ್ನೇ ಅಲುಗಾಡಿಸುವ ಅಂಕಿ ಇದು.

ನೀವೇ ಅಳೆದುಕೊಳ್ಳುವುದಾದರೆ, ಹಾಲು-ಸಕ್ಕರೆ ಹಾಕಿದ ಕಾಫಿಯನ್ನು ಮರೆಯಬೇಡಿ, ಅದೂ ಆಹಾರವೇ. ಕೆಲಸದ ದಿನ 6ಕ್ಕೆ ಕಾಫಿ ಕುಡಿದರೆ ಮೇಲಿನ ಲೆಕ್ಕದ ನಡುಹೊತ್ತು ಎರಡೂವರೆಯಿಂದ ಒಂದೂವರೆಗೆ ಬರುತ್ತದೆ. ಒಂದು ದಿನ ಕಾಫಿ ಸೇರಿಸಿ, ಇನ್ನೊಂದು ದಿನ ಬಿಟ್ಟರೆ ಅಂತರವೇ ತಪ್ಪುತ್ತದೆ. ರಾತ್ರಿ ಪಾಳಿಯವರು ಶನಿವಾರ-ಭಾನುವಾರ ನೋಡದೆ, ತಮ್ಮ ಕೆಲಸದ ದಿನವನ್ನು ರಜೆ ದಿನದ ಪಕ್ಕದಲ್ಲಿಟ್ಟು ನೋಡಬೇಕು.