ಮರಿಗಳ ಚಿತ್ರ ಕೆಡಿಸುವುದು ಐಎಸ್‌ಒ ಅಲ್ಲ

ಶಿರಸಿ, ಸಿದ್ದಾಪುರ ಸೀಮೆಯ ಹವ್ಯಾಸಿ ಛಾಯಾಗ್ರಾಹಕರಲ್ಲಿ ಒಂದು ಮಡಿ ಇದೆ: ಬಿದ್ದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕೆಂದು ಹೇಳುವ ಅಂಕಿ, ಐಎಸ್‌ಒ, 800ನ್ನು ದಾಟಬಾರದು, ದಾಟಿದರೆ ಚಿತ್ರ ಮೈಲಿಗೆ. ಗ್ರಹಣದ ಹೊತ್ತಿನಲ್ಲಿ ಊಟ ಮಾಡಬಾರದೆಂಬ ಮಾತಿಗೆ ನಗುವ ಇಂಜಿನಿಯರುಗಳೂ ಈ ಮಡಿಯನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಾರೆ. ಅದರ ಫಲವಾಗಿ ತಾಯಿಯ ಹೊಟ್ಟೆಗೆ ಅಂಟಿಕೊಂಡ ಸಿಂಗಳೀಕದ ಮರಿಯ ಮುಖ ಯಾವುದು, ಕೈ ಯಾವುದು ಎಂದು ತಿಳಿಯದಂತೆ ಕಲಸಿಹೋದ ಚಿತ್ರಗಳು ರಾಶಿ ಬೀಳುತ್ತವೆ. ಅವುಗಳಲ್ಲಿ ನಾಯ್ಸ್, ಅಂದರೆ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಕಾಣುವ ಚುಕ್ಕೆಗಳು, ಇಲ್ಲ ಎಂಬುದೊಂದೇ ಅವರ ಸಮಾಧಾನ.

ಬೆಳಕಿನ ಲೆಕ್ಕ ಹಾಕಿದರೆ ಈ ಮಡಿ ಎಷ್ಟು ದುಬಾರಿ ಎಂಬುದು ತಿಳಿಯುತ್ತದೆ. ಕಾರವಾರದ ಕಡಲ ದಂಡೆಯಲ್ಲಿ ಮೋಡವಿಲ್ಲದ ದಿನ ಅಪರ್ಚರ್ (ಲೆನ್ಸಿನ ಬಾಯಿ, ಎಫ್ ಅಂಕಿ ಕಿರಿದಾದಷ್ಟೂ ದೊಡ್ಡದು) ಎಫ್ 5.6, ಐಎಸ್‌ಒ 100 ಇಟ್ಟುಕೊಂಡರೆ ಷಟರು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ತೆರೆದರೆ ಸಾಕು. ಅದೇ ಕ್ಯಾಮೆರಾ ಹಿಡಿದು ಸಿದ್ದಾಪುರದ ಕತ್ತಲೆಕಾನಿನಂಥ ಕಾಡನ್ನು ಹೊಕ್ಕುನೋಡಿ. ನಿತ್ಯಹರಿದ್ವರ್ಣದ ಕಾಡಿನಲ್ಲಿ ನೆಲಕ್ಕೆ ತಲುಪುವುದು ಮೇಲಿನ ಬಿಸಿಲಿನ ನೂರಕ್ಕೆ ಒಂದೆರಡು ಪಾಲು ಮಾತ್ರ. 64ರಲ್ಲಿ ಒಂದು ಪಾಲು ಎಂದಿಟ್ಟುಕೊಂಡರೆ ಷಟರು 64 ಪಟ್ಟು ಹೊತ್ತು, ಅಂದರೆ ಸೆಕೆಂಡಿನ ಹದಿನಾರರಲ್ಲಿ ಒಂದು ಭಾಗ ತೆರೆದಿರಬೇಕು. ಐಎಸ್‌ಒ 800ಕ್ಕೆ ಏರಿಸಿದರೂ ಸಿಗುವುದು 125ರಲ್ಲಿ ಒಂದು ಭಾಗದ ವೇಗ.

ದೊಡ್ಡ ಪ್ರಾಣಿಗೆ ಇಷ್ಟು ವೇಗದಲ್ಲಿ ಹೇಗೋ ನಡೆದುಹೋಗುತ್ತದೆ, ಮರಿಗೆ ನಡೆಯುವುದಿಲ್ಲ. ಮರಿ ಚಂಚಲ ಎಂಬುದು ಅರ್ಧ ಕಾರಣ, ಗಾತ್ರ ಇನ್ನರ್ಧ. ಮರಿಯ ಮುಖ ಐದು ಸೆಂಟಿಮೀಟರ್, ದೊಡ್ಡದರ ಮುಖ ಹನ್ನೆರಡು ಎಂದು ಹಿಡಿಯೋಣ. ಎರಡೂ ಸೆಕೆಂಡಿಗೆ ಒಂದು ಮೀಟರಿನಂತೆ ತಲೆ ತಿರುಗಿಸಿದರೆ 125ರಲ್ಲಿ ಒಂದು ಸೆಕೆಂಡಿನಲ್ಲಿ ಎರಡೂ ಎಂಟು ಮಿಲಿಮೀಟರ್ ಸರಿಯುತ್ತವೆ. ದೊಡ್ಡದಕ್ಕೆ ಅದು ಮುಖದ ಹದಿನೈದನೇ ಒಂದು ಪಾಲು, ಮರಿಗೆ ಆರನೇ ಒಂದು ಪಾಲು. ಚೌಕಟ್ಟಿನ ತುಂಬ ಮರಿಯ ಮುಖವನ್ನೇ ಹಿಡಿಯಲು ಹೊರಟವರು ಆ ಕಲಸನ್ನೂ ಜೊತೆಗೇ ಹಿಗ್ಗಿಸಿಕೊಳ್ಳುತ್ತಾರೆ. ಲೆನ್ಸಿನಲ್ಲಿರುವ ಸ್ಥಿರೀಕರಣ ಇಲ್ಲಿ ನೆರವಿಗೆ ಬಾರದು, ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು. ಬೇಕಾದದ್ದು ಸಾವಿರದಲ್ಲಿ ಒಂದು ಭಾಗದ ವೇಗ. ಮೇಲಿನ ಲೆಕ್ಕದ ಪ್ರಕಾರ ಅದಕ್ಕೆ ಐಎಸ್‌ಒ 6400 ಇಡಬೇಕು, ಧೈರ್ಯವಾಗಿ ಇಡಿ.

ಹಾಗಾದರೆ ನಾಯ್ಸ್? ನನಗೆ ಅತಿ ಪ್ರಿಯವಾದ ಸಂಗತಿ ಇದೇ ಆದ್ದರಿಂದ ತುಸು ನಿಧಾನವಾಗಿ ಹೇಳುತ್ತೇನೆ. ಆರಿದ್ರಾ ಮಳೆ ಶುರುವಾಗುವ ಮುನ್ನ ಮನೆಯ ಅಂಗಳದ ತುಂಬ ಒಂದೇ ಅಳತೆಯ ಲೋಟಗಳನ್ನು ಸಾಲಾಗಿ ಇಟ್ಟಿದ್ದೀರಿ ಎಂದುಕೊಳ್ಳಿ. ಒಂದಿಷ್ಟು ಹನಿ ಉದುರಿ ಮಳೆ ನಿಂತಿತು. ಒಂದು ಲೋಟದಲ್ಲಿ ಎರಡು ಹನಿ, ಪಕ್ಕದ್ದರಲ್ಲಿ ಏಳು, ಮತ್ತೊಂದರಲ್ಲಿ ಏನೂ ಇಲ್ಲ. ಮಳೆ ಮಾತ್ರ ಇಡೀ ಅಂಗಳಕ್ಕೆ ಒಂದೇ ಆಗಿತ್ತು. ಅದೇ ಜಡಿಮಳೆ ಗಂಟೆಗಟ್ಟಲೆ ಸುರಿದರೆ ಎಲ್ಲ ಲೋಟಗಳೂ ಹೆಚ್ಚುಕಡಿಮೆ ಸಮವಾಗಿ ತುಂಬುತ್ತವೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಒಂದೊಂದು ಪಿಕ್ಸೆಲ್ಲೂ ಇಂಥ ಲೋಟ. ಬೆಳಕು ಹನಿಹನಿಯಾಗಿ, ಫೋಟಾನುಗಳಾಗಿ ಬೀಳುತ್ತದೆ. ಸರಾಸರಿ ನೂರು ಫೋಟಾನು ಬೀಳುವಲ್ಲಿ ಪಿಕ್ಸೆಲಿನಿಂದ ಪಿಕ್ಸೆಲಿಗೆ ಹತ್ತರಷ್ಟು ಏರುಪೇರು ಇದ್ದೇ ಇರುತ್ತದೆ, ಅಂದರೆ ಶೇಕಡಾ ಹತ್ತು. ಹತ್ತು ಸಾವಿರ ಬೀಳುವಲ್ಲಿ ಏರುಪೇರು ನೂರು, ಶೇಕಡಾ ಒಂದು. ಸರಾಸರಿಯ ವರ್ಗಮೂಲವೇ ಏರುಪೇರಿನ ಪ್ರಮಾಣ. ನಾಯ್ಸ್ ಎಂದು ನಾವು ಬೈಯುವುದರಲ್ಲಿ ಬಹುಪಾಲು ಇದೇ, ಕ್ಯಾಮೆರಾಕ್ಕೆ ಎಷ್ಟು ಲಕ್ಷ ಸುರಿದರೂ ಹೋಗದ್ದು.

ಐಎಸ್‌ಒ ಏರಿಸಿದಾಗ ಮಳೆ ಹೆಚ್ಚುವುದಿಲ್ಲ. ಲೋಟಗಳಲ್ಲಿ ಬಿದ್ದದ್ದನ್ನು ಅಳೆದು ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದಂತಾಗುತ್ತದೆ, ಅಷ್ಟೇ. ಏರುಪೇರು ಮೊದಲೇ ಇತ್ತು, ಈಗ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಹೆದರಿ ಐಎಸ್‌ಒ ತಗ್ಗಿಸಿ, ಕತ್ತಲೆಯ ಚಿತ್ರ ತೆಗೆದು, ಮನೆಯ ಕಂಪ್ಯೂಟರಿನಲ್ಲಿ ಬೆಳಗಿಸಿದರೆ ನಾಯ್ಸ್ ಅಷ್ಟೇ ಇರುತ್ತದೆ, ಎಷ್ಟೋ ಕ್ಯಾಮೆರಾಗಳಲ್ಲಿ ಇನ್ನೂ ಹೆಚ್ಚು.

ಬೆಳಕು ಕಣಕಣವಾಗಿ ಬರುತ್ತದೆಂದು ಐನ್‌ಸ್ಟೈನ್ ವಾದಿಸಿದ್ದು 1905ರಲ್ಲಿ. ಬಿಡಿಬಿಡಿಯಾಗಿ ಬರುವ ಎಲೆಕ್ಟ್ರಾನುಗಳಿಂದಲೇ ವಿದ್ಯುತ್ತಿನಲ್ಲಿ ಇಂಥ ಏರುಪೇರು ಹುಟ್ಟುತ್ತದೆಂದು ಜರ್ಮನಿಯ ವಾಲ್ಟರ್ ಷಾಟ್ಕಿ 1918ರಲ್ಲಿ ತೋರಿಸಿದರು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಸೆನ್ಸರು ಫೋಟಾನು ಎಣಿಸುವ ಲೋಟಗಳ ಸಾಲೇ ಆಯಿತು, ಅದಕ್ಕೆ 2009ರಲ್ಲಿ ನೊಬೆಲ್ ಬಂತು. ಇಷ್ಟಾದರೂ ನಮ್ಮ ಮಡಿ ಉಳಿದದ್ದಕ್ಕೆ ಕಾರಣ ಫಿಲ್ಮು. ಬೇಗ ಬೆಳಕು ಹಿಡಿಯುವ ಫಿಲ್ಮಿನಲ್ಲಿ ಬೆಳ್ಳಿಯ ಲವಣದ ಹರಳುಗಳು ನಿಜಕ್ಕೂ ದೊಡ್ಡವಿದ್ದವು, ಚಿತ್ರವೂ ತರಿತರಿಯಾಗುತ್ತಿತ್ತು. ಎಎಸ್‌ಎ, ಡಿಐಎನ್ ಎಂಬ ಹಳೆಯ ಎರಡು ಅಳತೆಗಳು 1974ರಲ್ಲಿ ಐಎಸ್‌ಒ ಆಗಿ ಕೂಡಿಕೊಂಡವು. ಫಿಲ್ಮು ಹೋಯಿತು, ಅದರ ಭಯ ಸೆನ್ಸರಿಗೆ ಬಂದು ಕುಳಿತಿತು.

ಐಎಸ್‌ಒ ನಿಜವಾಗಿ ಕೆಡಿಸುವ ಜಾಗ ಬೇರೆ, ಅದು ಬಿಳಿ. ಸೋಂದಾದ ಮುಂಡಿಗೆಕೆರೆಯಲ್ಲಿ ಮಳೆಗಾಲ ಹಿಡಿಯುತ್ತಿದ್ದಂತೆ ಬೆಳ್ಳಕ್ಕಿಗಳು ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ಬೆಳ್ಳಕ್ಕಿಯ ಗರಿಯಿಂದ ಬರುವ ಫೋಟಾನುಗಳ ಎಣಿಕೆ ಮೊದಲೇ ದೊಡ್ಡದು. ಅದನ್ನು ಗುಣಿಸಿದಾಗ ಕ್ಯಾಮೆರಾ ಬರೆಯಬಲ್ಲ ಅತಿ ದೊಡ್ಡ ಸಂಖ್ಯೆಯನ್ನು ದಾಟಿತೆಂದರೆ ಗರಿಗಳ ವಿವರ ಮರಳಿ ಬಾರದಂತೆ ಹೋಗುತ್ತದೆ. ತೆರೆದ ಕೆರೆಯ ಮೇಲೆ ಬೆಳಕು ಬೇಕಾದಷ್ಟಿದೆ, ಅಲ್ಲಿ 400 ಸಾಕು. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರಿನ ಒಂದು ಮೊಂಡುತನವನ್ನೂ ಗಮನದಲ್ಲಿಡಬೇಕು. ಎದುರಿಗೆ ಏನಿದ್ದರೂ ಅದು ಬೆಳಕಿನ ಸುಮಾರು ಶೇಕಡಾ 18ನ್ನು ಹಿಂತಿರುಗಿಸುವ ಬೂದು ಬಣ್ಣದ್ದು ಎಂದೇ ಕ್ಯಾಮೆರಾದ ಲೆಕ್ಕ. ಚೌಕಟ್ಟಿನ ತುಂಬ ಬಿಳಿಯ ಮರಿಗಳಿದ್ದರೆ ಬೂದಾಗಿಸುತ್ತದೆ, ಕರಿಯ ಸಿಂಗಳೀಕವಿದ್ದರೂ ಬೂದಾಗಿಸುತ್ತದೆ. ಹುಟ್ಟಿದ ಹೊಸತರಲ್ಲಿ ಸಿಂಗಳೀಕದ ಮರಿಗೆ ಮುಖದ ಸುತ್ತ ಬೂದು ಕೇಸರ ಇರದೆ ಮೈಯೆಲ್ಲ ಕಪ್ಪೇ ಇರುವುದರಿಂದ ಈ ಮೋಸ ಇನ್ನೂ ಹೆಚ್ಚು. ಕರಿಯದಕ್ಕೆ ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಕೆಳಗಿಳಿಸಿ, ಐಎಸ್‌ಒ ಆಟೊದಲ್ಲಿದ್ದರೆ 6400 ಇದ್ದದ್ದು ತಾನಾಗಿ 3200ಕ್ಕೆ ಬರುತ್ತದೆ. ಬಿಳಿಯದಕ್ಕೆ ತುಸು ಏರಿಸಿ, ಗರಿ ಬಿಳಿಚಿ ವಿವರ ಸುಟ್ಟಿದೆಯೇ ಎಂದು ಹಿಸ್ಟೋಗ್ರಾಮಿನಲ್ಲಿ, ಅಂದರೆ ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆಯಲ್ಲಿ, ನೋಡಿಕೊಳ್ಳಿ. ಪೊದೆ ಸರಿಸಿ ಗೂಡಿನೊಳಗೆ ಇಣುಕುವುದು ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಯೊಳಗೆ ಕಾಡುಹಕ್ಕಿಗಳ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿದವನು ಮಾತ್ರ ಬೇಟೆಗಾರ ಎಂದುಕೊಂಡವರು ಅದನ್ನು ಒಮ್ಮೆ ಓದಬೇಕು.

ಬೆಳಕು ಸಾಲದಿದ್ದರೆ ಫ್ಲಾಶ್ ಇದೆಯಲ್ಲ ಎನ್ನುವವರೂ ಇದ್ದಾರೆ. ಆ ಆಲೋಚನೆಗೆ ನೂರು ದಾಟಿದ ವಯಸ್ಸು. ಅಮೆರಿಕದ ಜಾರ್ಜ್ ಷಿರಾಸ್ ಮೆಗ್ನೀಸಿಯಂ ಪುಡಿ ಉರಿಸಿ ರಾತ್ರಿಯಲ್ಲಿ ಜಿಂಕೆಗಳ ಚಿತ್ರ ತೆಗೆದರು, ಅವು 1906ರ ಜುಲೈನಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಅಚ್ಚಾದವು. ನಮ್ಮ ಕಡಲ ದಂಡೆಯಲ್ಲಿ ಆ ಸಾಹಸ ಬೇಡವೇ ಬೇಡ. ಕಾರವಾರ, ಹೊನ್ನಾವರಗಳ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಐವತ್ತು ದಿನಗಳ ಆಚೀಚೆ, ಹೆಚ್ಚಾಗಿ ರಾತ್ರಿ, ನಾಲ್ಕು ಸೆಂಟಿಮೀಟರ್ ಉದ್ದದ ಮರಿಗಳು ಹೊರಬೀಳುತ್ತವೆ. ಕೆಳಗಿನ ದಿಗಂತದಲ್ಲಿ ಎಲ್ಲಿ ಹೆಚ್ಚು ಬೆಳಕಿದೆಯೋ ಅದೇ ಕಡಲು ಎಂಬುದು ಅವುಗಳ ಲೆಕ್ಕ. ರೆಸಾರ್ಟಿನ ದೀಪ, ಫ್ಲಾಶ್, ಮೊಬೈಲ್ ಟಾರ್ಚ್ ಎಲ್ಲವೂ ಆ ಲೆಕ್ಕವನ್ನು ತಪ್ಪಿಸುತ್ತವೆ. ಅರಣ್ಯ ಇಲಾಖೆಯವರು ಹಗಲು ಬೆಳಕಿರುವಾಗ ಮರಿಗಳನ್ನು ಕಡಲಿಗೆ ಬಿಡುವ ದಿನ ಹೋಗಿ. ಅಲ್ಲಿ ವೇಗ 500ರಲ್ಲಿ ಒಂದು ಭಾಗ ಸಾಕು, ಅಪರ್ಚರನ್ನು ಎಫ್ 8ಕ್ಕಿಂತ ಹಿಗ್ಗಿಸಬೇಡಿ: ಇಷ್ಟು ಹತ್ತಿರದಲ್ಲಿ ಎಫ್ 2.8 ಇಟ್ಟರೆ ಕಣ್ಣು ಸ್ಪಷ್ಟವಾಗಿ ಮೂತಿ ಮಸುಕಾಗುತ್ತದೆ. ಕಡಲಿಗೂ ಮರಿಗೂ ನಡುವೆ ಮಲಗದೆ ಪಕ್ಕದಲ್ಲಿ ಮಲಗಿ. ನಿಮ್ಮ ಹೆಜ್ಜೆಯ ಗುಂಡಿ ಅವುಗಳಿಗೆ ಕಣಿವೆ.

ಮೊಬೈಲಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಫೋಟಾನುಗಳ ಒಟ್ಟು ಎಣಿಕೆ ಹೆಚ್ಚಿಸುತ್ತದೆ, ಅದೇ ವರ್ಗಮೂಲದ ಲಾಭ. ಅಲುಗಾಡುವ ಮರಿಯನ್ನು ಅದು ಕಲಸಿಬಿಡುತ್ತದೆ. ಅದಕ್ಕೆ ಒಲಿಯುವುದು ಕಡವೆ, ಕಾಡುಕುರಿಗಳ ಎಳೆಯ ಮರಿ. ತಾಯಿ ಮೇಯಲು ಹೋದಾಗ ಅದು ಪೊದೆಯಲ್ಲಿ ಕದಲದೆ ಬಿದ್ದಿರುತ್ತದೆ. ಅನಾಥವೆಂದು ಎತ್ತಿಕೊಂಡು ಊರಿಗೆ ತರುವವರು ತಾಯಿ ಮರಳಿ ಬರುವ ಜಾಗದಿಂದಲೇ ಅದನ್ನು ಕದ್ದಂತಾಗುತ್ತದೆ. ನೀವು ಪಕ್ಕದಲ್ಲಿರುವಷ್ಟು ಹೊತ್ತು ತಾಯಿ ಹತ್ತಿರ ಬಾರದು, ಒಂದೆರಡು ಚಿತ್ರ ತೆಗೆದು ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಆ ಚಿತ್ರವನ್ನು ವಾಟ್ಸ್‌ಆ್ಯಪ್‌ಗೆ ಹಾಕುವವರು ಜಾಗದ ಹೆಸರು ಬರೆಯಬೇಡಿ. ಮೊಬೈಲಿನ ಕ್ಯಾಮೆರಾದಲ್ಲಿ ಲೊಕೇಶನ್ ಕೂಡ ಆಫ್ ಆಗಿರಲಿ.